ಒಂದು ಕಂತು, ಒಟ್ಟಿಗೆ ಕೂತು

(ಕೋಲ್ಕತ್ತದ ಸದರ್ನ್ ಅವೆನ್ಯೂವಿನಲ್ಲಿ ಸೇರಿದ್ದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ನನಗೆ ಕೊಟ್ಟ ವಿಷಯ "ಒಟಿಟಿಯಲ್ಲಿ ಯಾವ ಸರಣಿ ನೋಡಬಹುದು?" ಎಂಬುದು. ಕೇಳಿದಾಗ ನಗು ಬಂತು. ಹೋದ ಸಲ ಇದೇ ಜಾಗದಲ್ಲಿ ಮಧುಮೇಹದ ಬಗ್ಗೆ ಡಾಕ್ಟರ್ ಮಾತಾಡಿದ್ದರು, ಅದಕ್ಕೂ ಹಿಂದೆ ವಚನಗಳ ಬಗ್ಗೆ ಉಪನ್ಯಾಸ ಇತ್ತು. ಈಗ ಟಿವಿ! ಆದರೆ ಯೋಚಿಸಿ ನೋಡಿದರೆ ಇದೇನೂ ಹಗುರವಾದ ವಿಷಯ ಅಲ್ಲ. ಲೇಕ್ ಮಾರ್ಕೆಟ್‌ನಲ್ಲಿ ಕರಿಬೇವು ಕೊಳ್ಳುವಾಗ ಎರಡು ಎಸಳು ಬಾಡಿದ್ದರೆ ಕಟ್ಟು ವಾಪಸ್ ಕೊಡುವವರು ನಾವು. ಸಂಜೆ ಎರಡು ಗಂಟೆ ಕಣ್ಣಿಗೂ ಮನಸ್ಸಿಗೂ ಏನು ಹಾಕಿಕೊಳ್ಳುತ್ತೇವೆ ಎಂಬುದನ್ನು ಮಾತ್ರ ಯಾರೋ ಆರಿಸಿಕೊಟ್ಟ ಹಾಗೆ ತೆಗೆದುಕೊಳ್ಳುತ್ತೇವೆ. ಒಂದು ಕಂತು ಮುಗಿದ ಕೂಡಲೇ ಐದು, ನಾಲ್ಕು, ಮೂರು ಎಂದು ಎಣಿಸಿ ಅದೇ ಮುಂದಿನ ಕಂತು ಶುರು ಮಾಡಿಬಿಡುತ್ತದೆ. ನಾವು "ಆಯ್ತು ಬಿಡು" ಅಂತ ಕೂತಿರುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಿಮರ್ಶಕಿ ಅಲ್ಲ. ಅಡುಗೆ ಮನೆ, ಆಫೀಸು, ವಯಸ್ಸಾದವರ ಔಷಧಿ ಇವೆಲ್ಲದರ ನಡುವೆ ನೋಡಿದವಳು. ನೋಡಿದ ಮೇಲೆ ಮನೆಯಲ್ಲಿ ಮಾತು ಹುಟ್ಟಿತೇ ಇಲ್ಲವೇ ಎಂಬುದೇ ನನ್ನ ಅಳತೆಗೋಲು. ಅದು ಯಾಕೆ ಅಂತಲೂ ಹೇಳುತ್ತೇನೆ.

ನಮ್ಮ ಅತ್ತೆಗೆ ಈಗ ಎಂಬತ್ತೊಂದು. ಮಾವ ಹೋದ ಮೇಲೆ ತೀರ್ಥಹಳ್ಳಿ ಕಡೆಯ ಮನೆ ಮುಚ್ಚಿ ನಮ್ಮ ಜೊತೆ ಇಲ್ಲಿಗೆ ಬಂದರು. ಅವರಿಗೆ ಬಂಗಾಳಿ ಬರುವುದಿಲ್ಲ, ಹಿಂದಿ ಅರ್ಧಂಬರ್ಧ. ನಾವಿಬ್ಬರೂ ಕೆಲಸಕ್ಕೆ ಹೋದರೆ ಮಗ ಕಾಲೇಜಿಗೆ. ದಿನಕ್ಕೆ ಐದಾರು ಗಂಟೆ ಟಿವಿಯಲ್ಲಿ ಸೊಸೆ ಅತ್ತೆಗೆ ವಿಷ ಹಾಕುವುದು, ಅತ್ತೆ ಸೊಸೆಯನ್ನು ಮೆಟ್ಟಿಲಿಂದ ತಳ್ಳುವುದು, ಇದೇ. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ಅವರು ಹೇಳಿದರು: "ಈ ಮನೆಯಲ್ಲಿ ಕನ್ನಡ ಮಾತಾಡೋದು ಟಿವಿ ಒಂದೇ ಕಣೇ. ಅದೂ ಜಗಳ ಆಡ್ತಾನೇ ಇರತ್ತೆ." ನಾವು ಮೂವರೂ ಸುಮ್ಮನಾದೆವು. ನನ್ನ ಮಗನ ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅವನಿಗೆ ಅದು ಕೇಳಿಸಲೂ ಇಲ್ಲ.

ಆಮೇಲೆ ನಾನು ಹುಡುಕಲು ಶುರು ಮಾಡಿದೆ. ಮೂರು ತಲೆಮಾರು ಒಂದೇ ಸೋಫಾದಲ್ಲಿ ಕೂತು ನೋಡಬಹುದಾದ್ದು ಏನಿದೆ ಅಂತ. ಹಾಗೆ ಸಿಕ್ಕಿದವು ಇವು. ಹೆಸರು ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದು ನಿಮಗೆಲ್ಲ ಗೊತ್ತಿರುವುದೇ, "ಮಾಲ್ಗುಡಿ ಡೇಸ್". ಆರ್.ಕೆ. ನಾರಾಯಣ್ ಅವರ ಕಥೆಗಳು, ಶಂಕರ್ ನಾಗ್ ನಿರ್ದೇಶನ. ದೂರದರ್ಶನದಲ್ಲಿ ಬಂದದ್ದು 1986-87ರಲ್ಲಿ. ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ. ಮೊದಲು ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದವರೇ ಸೇರಿ, ಕನ್ನಡದ ಊರಿನಲ್ಲೇ ಮಾಡಿದ್ದು ಕನ್ನಡದಲ್ಲಿ ಟಿವಿಗೆ ಬರಲು 2020ರ ಲಾಕ್‌ಡೌನ್ ಬೇಕಾಯಿತು. ಆಗ ಜೀ ಕನ್ನಡ ವಾಹಿನಿ ಡಬ್ ಮಾಡಿ ಹಾಕಿತು.

ಇದರಲ್ಲಿ ಒಂದು ಕಂತನ್ನು ದಯವಿಟ್ಟು ಬಿಡಬೇಡಿ. ನಲವತ್ತೈದು ರೂಪಾಯಿ ಸಂಬಳದ ಕಥೆ. ವೆಂಕಟರಾವ್ ಎಂಬ ಗುಮಾಸ್ತ, ಪಾತ್ರ ಮಾಡಿದ್ದು ವಿಷ್ಣುವರ್ಧನ್. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿರುತ್ತಾನೆ. ಆಫೀಸಿನಲ್ಲಿ ಬಿಡುವುದಿಲ್ಲ. ಸಿಟ್ಟಿಗೆದ್ದು ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ ಐದು ರೂಪಾಯಿ ಜಾಸ್ತಿ ಆಗಿದೆ ಅನ್ನುತ್ತಾರೆ. ಕಾಗದ ವಾಪಸ್ ಜೇಬಿಗೆ. ಮನೆಗೆ ಬರುವ ಹೊತ್ತಿಗೆ ಹುಡುಗಿ ಹಾಕಿಕೊಂಡ ಹೊಸ ಬಟ್ಟೆಯಲ್ಲೇ ನಿದ್ದೆ ಹೋಗಿರುತ್ತಾಳೆ. ನಮ್ಮ ಮನೆಯಲ್ಲಿ ಆ ಕಂತು ಮುಗಿದಾಗ ನನ್ನ ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಾ ಬಾಲ್ಕನಿಗೆ ಹೋದರು. ಅತ್ತೆ ಮಾತ್ರ ಕಥೆ ಬಿಟ್ಟು ಹಿಂದೆ ಕಾಣುವ ಮನೆಯನ್ನೇ ನೋಡುತ್ತಿದ್ದರು. "ಆ ಜಗಲಿ ನೋಡು, ಆಗುಂಬೆ ಮಳೆಗೆ ಅಂಥ ಜಗಲಿನೇ ಬೇಕು, ಮಳೆಗಾಲದಲ್ಲಿ ಮೂರು ತಿಂಗಳು ಬಟ್ಟೆ ಒಣಗ್ತಿರಲಿಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಹಾಕ್ತಿದ್ವಿ" ಅಂತ ಶುರು ಮಾಡಿದರು. ನನ್ನ ಮಗ ಇಯರ್‌ಫೋನ್ ತೆಗೆದು ಕೇಳಿದ: "ಅಜ್ಜಿ, ಒಲೆ ಮೇಲೆ ಅಂದ್ರೆ ಬೆಂಕಿ ಹತ್ತಲ್ವಾ?" ಅಂದು ರಾತ್ರಿ ಹನ್ನೊಂದರವರೆಗೆ ಅಜ್ಜಿ ಮೊಮ್ಮಗ ಮಾತಾಡಿದರು. ಅವನ ಕನ್ನಡ ಮುರುಕು ಮುರುಕು, ಅವರು ತಿದ್ದುತ್ತಾ ಹೋದರು. ಆ ಹನ್ನೊಂದು ಗಂಟೆಗೆ ನಾನು ಎಷ್ಟು ಚಂದಾ ಬೇಕಾದರೂ ಕಟ್ಟುತ್ತಿದ್ದೆ.

ಎರಡನೆಯದು ಟಿ.ಎನ್. ಸೀತಾರಾಮ್ ಅವರ "ಮಾಯಾಮೃಗ". ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೂ ಸೇರಿ ನಿರ್ದೇಶಿಸಿದ್ದು. 1998ರಲ್ಲಿ ದೂರದರ್ಶನದಲ್ಲಿ ಬಂತು, ಈಗ ಯೂಟ್ಯೂಬಿನಲ್ಲಿ ನೋಡಲು ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಈಗಿನ ಕಣ್ಣಿಗೆ ನಿಧಾನ ಅನ್ನಿಸಬಹುದು. ಆದರೆ ಅಲ್ಲಿಯ ಹೆಂಗಸರಿಗೆ ಕೆಲಸ ಇದೆ, ಅಭಿಪ್ರಾಯ ಇದೆ. ಕೋರ್ಟಿನಲ್ಲಿ ನಿಂತು ವಾದ ಮಾಡುತ್ತಾರೆ. ಕೆಟ್ಟವರು ಅಂತ ತೋರಿಸಲು ಹುಬ್ಬು ಹಾರಿಸಿ ಮೂರು ಸಲ ಕ್ಯಾಮೆರಾ ತಿರುಗಿಸುವ ಅಗತ್ಯ ಬೀಳಲಿಲ್ಲ ಅವರಿಗೆ.

ಮೂರನೆಯದಕ್ಕೆ ನಮ್ಮ ಈ ಊರಿಗೇ ಬರೋಣ. ಬಂಗಾಳಿಗರು 2017ರಲ್ಲೇ ತಮ್ಮ ಭಾಷೆಗೆ ಅಂತ "ಹೊಯ್‌ಚೊಯ್" ಎಂಬ ವೇದಿಕೆ ಮಾಡಿಕೊಂಡರು. ಅದರಲ್ಲಿ 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಶುರುವಾದದ್ದು "ಇಂದುಬಾಲಾ ಭಾತೇರ್ ಹೋಟೆಲ್". ಕಲ್ಲೋಲ್ ಲಾಹಿರಿ ಅವರ ಕಾದಂಬರಿ, ದೇಬಾಲಯ್ ಭಟ್ಟಾಚಾರ್ಯ ನಿರ್ದೇಶನ, ಶುಭಶ್ರೀ ಗಂಗೂಲಿ ಇಂದುಬಾಲಾ. ಈಗಿನ ಬಾಂಗ್ಲಾದೇಶದ ಖುಲ್ನಾದ ಹಳ್ಳಿ ಹುಡುಗಿ, ಮದುವೆಯಾಗಿ ಕೋಲ್ಕತ್ತದ ಓಣಿಯ ಮನೆಗೆ ಬರುತ್ತಾಳೆ. ಗಂಡ ಕುಡುಕ, ಬೇಗ ಸಾಯುತ್ತಾನೆ. ಕೈಯಲ್ಲಿ ಮಕ್ಕಳು, ಕಾಸಿಲ್ಲ. ಮೀನು ಮಾರುವ ಬಿಹಾರದ ಲಛ್ಮಿ ಎಂಬಾಕೆ ಊಟ ಕೇಳುತ್ತಾಳೆ. ಅಲ್ಲಿಂದ ಅನ್ನದ ಹೋಟೆಲ್ ಹುಟ್ಟುತ್ತದೆ. ಗಮನಿಸಿ, ಖುಲ್ನಾದವಳಿಗೆ ಕೈಹಿಡಿದದ್ದು ಬಿಹಾರದವಳು. ಊರು ಬಿಟ್ಟ ಹೆಂಗಸಿನ ಕಷ್ಟ ಊರು ಬಿಟ್ಟವಳಿಗೇ ಮೊದಲು ಕಂಡಿತು.

ಕಾದಂಬರಿಯ ಎಂಟು ಅಧ್ಯಾಯಗಳಿಗೂ ಅಡುಗೆಯದೇ ಹೆಸರು. ಕುಂಬಳ ಹೂವಿನ ವಡೆ, ಬಿಉಲಿರ್ ಡಾಲ್ ಅಂದರೆ ನಮ್ಮ ಉದ್ದಿನ ಬೇಳೆಯ ಸಾರು, ಮಾವಿನಕಾಯಿ ಎಣ್ಣೆ ಉಪ್ಪಿನಕಾಯಿ, ಕೆಸುವಿನ ಚಟ್ನಿಯಂಥದ್ದು. ಒಂದೊಂದು ಅಡುಗೆ ಮಾಡುವಾಗ ಒಂದೊಂದು ನೆನಪು. ನಮ್ಮಲ್ಲಿ ಬಹಳ ಜನ ಮದುವೆಯಾಗಿ ಇಲ್ಲಿಗೆ ಬಂದವರು. ಸಾಸಿವೆ ಎಣ್ಣೆ ವಾಸನೆಗೆ ಮೊದಲ ತಿಂಗಳು ಮೂಗು ಮುಚ್ಚಿಕೊಂಡವರು. ಈಗ ಊರಿಗೆ ಹೋದರೆ ಅದೇ ಎಣ್ಣೆ ನೆನಪಾಗುತ್ತದೆ. ಅವಳಿಗೆ ತನ್ನ ಊರು ಗಡಿಯಾಚೆ ಉಳಿದುಹೋಯಿತು, ನಮಗೆ ರೈಲು ಇದೆ. ಅಷ್ಟೇ ವ್ಯತ್ಯಾಸವಲ್ಲ ನಿಜ, ಆದರೂ ಅವಳು ಒಲೆ ಮುಂದೆ ಕೂತು ಊರನ್ನು ನೆನೆಯುವಾಗ ನನಗೆ ಉಪಶೀರ್ಷಿಕೆ ಓದುವುದು ಬೇಕಾಗಲಿಲ್ಲ. ಇಲ್ಲಿ ಪಕ್ಕದ ಮನೆಯ ಬಂಗಾಳಿ ಗೆಳತಿಯರ ಜೊತೆ ಮಾತು ಶುರು ಮಾಡಲೂ ಇದು ಒಳ್ಳೆಯ ದಾರಿ. ನೀವು ನೋಡಿದ್ದೀರಾ ಅಂತ ಕೇಳಿ, ಒಂದು ಬಟ್ಟಲು ಕೆಸುವಿನ ಚಟ್ನಿ ನಿಮ್ಮ ಮನೆಗೆ ಬರುತ್ತದೆ.

ನಾಲ್ಕನೆಯದು ಹಿಂದಿಯ "ಪಂಚಾಯತ್". ಪ್ರೈಮ್ ವೀಡಿಯೋದಲ್ಲಿ 2020ರಲ್ಲಿ ಶುರುವಾಗಿ 2025ಕ್ಕೆ ನಾಲ್ಕು ಸೀಸನ್ ಆಯಿತು. ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿ, ಅಲ್ಲಿಗೆ ಒಲ್ಲದ ಮನಸ್ಸಿನಿಂದ ಬಂದ ಪಂಚಾಯತಿ ಕಾರ್ಯದರ್ಶಿ. ಎಲ್ಲರೂ ತಮಾಷೆಗೆ ನೋಡುತ್ತಾರೆ, ನೋಡಲಿ. ನನಗೆ ಮುಖ್ಯವಾಗಿ ಕಂಡದ್ದು ನೀನಾ ಗುಪ್ತಾ ಮಾಡಿದ ಮಂಜುದೇವಿ. ಕಾಗದದ ಮೇಲೆ ಪ್ರಧಾನ್ ಆಕೆ, ಕುರ್ಚಿಯಲ್ಲಿ ಕೂರುವುದು ಗಂಡ. ಊರಿಗೆಲ್ಲ ಅವನೇ ಪ್ರಧಾನ್‌ಜಿ. ಮೊದಲ ಸೀಸನ್ನಿನ ಕೊನೆಯಲ್ಲಿ ಗಣರಾಜ್ಯೋತ್ಸವಕ್ಕೆ ಆಕೆಯೇ ಬಾವುಟ ಹಾರಿಸಿ ರಾಷ್ಟ್ರಗೀತೆ ಹಾಡಬೇಕಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಕಲಿಯುತ್ತಾಳೆ. ತಡವರಿಸುತ್ತಾಳೆ. ಹಾಡುತ್ತಾಳೆ. ಆ ಗೀತೆ ಮೊದಲ ಬಾರಿಗೆ ಹಾಡಲ್ಪಟ್ಟದ್ದು ಇದೇ ಕಲ್ಕತ್ತದಲ್ಲಿ, 1911ರ ಡಿಸೆಂಬರ್ 27ರಂದು, ಕಾಂಗ್ರೆಸ್ ಅಧಿವೇಶನದಲ್ಲಿ. ಸುಮಾರು ನೂರು ವರ್ಷದ ನಂತರದ ಒಬ್ಬ ಹಳ್ಳಿ ಹೆಂಗಸಿಗೆ ಅದು ತನ್ನದು ಅಂತ ಅನ್ನಿಸಲು ಯಾರೋ ಕುರ್ಚಿ ಬಿಟ್ಟು ಏಳಬೇಕಾಯಿತು.

ಇದನ್ನು ನೋಡುವಾಗ ಮಕ್ಕಳಿಗೆ ಒಂದು ವಿಷಯ ಹೇಳಿ. ಪಂಚಾಯತಿಯಲ್ಲಿ ಹೆಂಗಸರಿಗೆ ಸೀಟು ಮೀಸಲು ಎಂಬುದನ್ನು ಕರ್ನಾಟಕ ದೇಶಕ್ಕಿಂತ ಮೊದಲೇ ಮಾಡಿತ್ತು. 1983ರ ಕಾಯ್ದೆ, 1987ರಲ್ಲಿ ಚುನಾವಣೆ, ಶೇಕಡಾ 25 ಸ್ಥಾನ. ಆಗಿನ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅನ್ನುತ್ತಿದ್ದರು. ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ ಆದದ್ದು ಆಮೇಲೆ, 1992-93ರಲ್ಲಿ. ಅಂದರೆ ಮಂಜುದೇವಿಯ ಕಥೆ ನಮ್ಮದೂ ಹೌದು. "ಪಂಚಾಯತ್" ತಮಿಳಿಗೆ 2024ರಲ್ಲಿ, ತೆಲುಗಿಗೆ 2025ರಲ್ಲಿ ಬೇರೆ ಹೆಸರಿನಲ್ಲಿ ಹೊಸದಾಗಿ ತಯಾರಾಗಿ ಬಂತು. ಕನ್ನಡದ ಸರದಿ ಇನ್ನೂ ಬರಬೇಕು.

ಹಗುರವಾಗಿ ನಗಬೇಕು ಅನ್ನುವವರಿಗೆ ಸೋನಿ ಲಿವ್‌ನ "ಗುಲ್ಲಕ್". ಗುಲ್ಲಕ್ ಅಂದರೆ ದುಡ್ಡು ಕೂಡಿಡುವ ಮಣ್ಣಿನ ಹುಂಡಿ, ಕಥೆ ಹೇಳುವುದೂ ಆ ಹುಂಡಿಯೇ. ಅಪ್ಪ ಕರೆಂಟ್ ಇಲಾಖೆಯ ನೌಕರ, ಅಮ್ಮ, ಇಬ್ಬರು ಗಂಡುಮಕ್ಕಳು. ಗೀತಾಂಜಲಿ ಕುಲಕರ್ಣಿ ಮಾಡಿರುವ ಅಮ್ಮ ದಿನವಿಡೀ ಗೊಣಗುತ್ತಾಳೆ. ಅದು ಗೊಣಗಾಟ ಅಲ್ಲ, ಲೆಕ್ಕಪತ್ರ ಅಂತ ನನಗೆ ಎರಡನೇ ಕಂತಿಗೆ ಅರ್ಥವಾಯಿತು. ಕಂತುಗಳು ಚಿಕ್ಕವು. ಚಪಾತಿ ಲಟ್ಟಿಸಿ ಮುಗಿಸುವಷ್ಟರಲ್ಲಿ ಒಂದು ಮುಗಿಯುತ್ತದೆ.

ಈಗ ಹೆಣ್ಣುಮಕ್ಕಳ ಒತ್ತಾಯಕ್ಕೆ ನೋಡಿದ್ದು. ಕೊರಿಯಾದ ಸರಣಿಗಳೆಂದರೆ ನಮ್ಮ ಹುಡುಗಿಯರಿಗೆ ಪ್ರಾಣ. ಏನಪ್ಪಾ ಇದೆ ಇದರಲ್ಲಿ ಅಂತ ಕೂತೆ. ನೆಟ್‌ಫ್ಲಿಕ್ಸ್‌ನಲ್ಲಿ 2025ರ ಮಾರ್ಚ್‌ನಲ್ಲಿ ಬಂದ "ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್", ಹದಿನಾರು ಕಂತು. ಜೇಜು ಎಂಬ ದ್ವೀಪ. ಅಲ್ಲಿ ಹೆಂಗಸರು ಆಮ್ಲಜನಕದ ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಸಮುದ್ರದ ತಳಕ್ಕೆ ಇಳಿದು ಚಿಪ್ಪು, ಕಪ್ಪೆಚಿಪ್ಪು ತರುತ್ತಾರೆ. ಅಂಥ ಒಬ್ಬ ತಾಯಿಯ ಮಗಳು ಏಸುನ್, ಕವಿಯಾಗಬೇಕು ಅಂತ ಆಸೆ. ತಾಯಿ ಚಿಕ್ಕ ವಯಸ್ಸಿಗೇ ಸಾಯುತ್ತಾಳೆ. ಮಗಳು ಓದು ಬಿಡುತ್ತಾಳೆ, ಮದುವೆಯಾಗುತ್ತಾಳೆ, ತನ್ನ ಮಗಳಿಗೆ ಮಾತ್ರ ತನ್ನ ಹಾಗೆ ಆಗಬಾರದು ಅಂತ ಹಟ ಹಿಡಿಯುತ್ತಾಳೆ. ಇದರ ಕೊರಿಯನ್ ಹೆಸರು ಜೇಜುವಿನ ಆಡುಮಾತಿನಲ್ಲಿದೆ. "ತುಂಬಾ ದಣಿದಿರಿ, ಕಷ್ಟಪಟ್ಟಿರಿ" ಎಂದು ಕೃತಜ್ಞತೆಯಿಂದ ಹೇಳುವ ಮಾತಂತೆ. ನಮ್ಮಲ್ಲಿ ಅಮ್ಮನಿಗೆ ಇದನ್ನು ಯಾರು ಹೇಳುತ್ತಾರೆ? ತಾಯಂದಿರು ಮಗಳ ಜೊತೆ ಕೂತು ನೋಡಿ. ಕರ್ಚೀಫು ಎರಡು ಇರಲಿ.

ಇನ್ನೊಂದನ್ನು ಎಚ್ಚರಿಕೆಯ ಮಾತಿನ ಜೊತೆಗೆ ಹೇಳುತ್ತೇನೆ. ಇಂಗ್ಲೆಂಡಿನ "ಅಡೋಲೆಸೆನ್ಸ್", ಇದೂ ನೆಟ್‌ಫ್ಲಿಕ್ಸ್, 2025. ನಾಲ್ಕೇ ಕಂತು, ಒಂದೊಂದನ್ನೂ ಎಲ್ಲೂ ಕತ್ತರಿಸದೆ ಒಂದೇ ಉಸಿರಿಗೆ ಚಿತ್ರಿಸಿದ್ದಾರೆ. ಹದಿಮೂರು ವರ್ಷದ ಹುಡುಗನನ್ನು ಸಹಪಾಠಿ ಹುಡುಗಿಯ ಕೊಲೆ ಆಪಾದನೆ ಮೇಲೆ ಬೆಳಗಿನ ಜಾವ ಪೊಲೀಸರು ಎಬ್ಬಿಸಿ ಕರೆದೊಯ್ಯುತ್ತಾರೆ. ಯಾರು ಮಾಡಿದ್ದು ಎಂಬ ಪತ್ತೇದಾರಿ ಇದರಲ್ಲಿ ಮುಖ್ಯವಲ್ಲ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಗ ಮನೆಯಲ್ಲೇ ಇದ್ದಾನೆ, ಕ್ಷೇಮವಾಗಿದ್ದಾನೆ ಅಂತ ಅಪ್ಪ ಅಮ್ಮ ಅಂದುಕೊಂಡಿದ್ದಾಗ ಅವನು ಪರದೆಯಲ್ಲಿ ಏನು ಓದುತ್ತಿದ್ದ, ಹುಡುಗಿಯರ ಬಗ್ಗೆ ಯಾರು ಅವನ ತಲೆಗೆ ಏನು ತುಂಬುತ್ತಿದ್ದರು ಎಂಬುದು ಮುಖ್ಯ. ಬ್ರಿಟನ್ನಿನ ಪ್ರೌಢಶಾಲೆಗಳಲ್ಲಿ ತೋರಿಸಲು ಅದನ್ನು ಉಚಿತವಾಗಿ ಕೊಟ್ಟರು. ಚಿಕ್ಕ ಮಕ್ಕಳಿಗೆ ಬೇಡ. ಗಂಡುಮಕ್ಕಳ ತಂದೆತಾಯಿ ಮೊದಲು ತಾವು ನೋಡಿ, ಆಮೇಲೆ ಹದಿಹರೆಯದ ಮಗನ ಜೊತೆ ನೋಡುವುದೋ ಬೇಡವೋ ನಿರ್ಧರಿಸಿ. ನೋಡಿದ ಮೇಲೆ ಬೈಯಬೇಡಿ, ಕೇಳಿ.

ಈಗ ಕನ್ನಡದ ಹೊಸ ಸರಣಿಗಳು. ಇಲ್ಲಿ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. "ಏಕಂ" ಎಂಬ ಒಂದು ಸರಣಿ ಇದೆ. ಏಳು ಬೇರೆ ಬೇರೆ ಕಥೆಗಳು, ಎಲ್ಲವೂ ನಮ್ಮ ಕರಾವಳಿಯವು. ಸುಮಂತ್ ಭಟ್, ಸಂದೀಪ್ ಪಿ.ಎಸ್. ರೂಪಿಸಿದ್ದು, ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ನಿರ್ಮಿಸಿದ್ದು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ನಟಿಸಿದ್ದಾರೆ. 2021ರಲ್ಲೇ ಸಿದ್ಧವಾಗಿದ್ದರೂ ದೊಡ್ಡ ಒಟಿಟಿಗಳು ಆಸಕ್ತಿ ತೋರಿಸಲಿಲ್ಲ. ಕಡೆಗೆ 2024ರ ಜುಲೈನಲ್ಲಿ ಅವರೇ ಒಂದು ಜಾಲತಾಣ ಮಾಡಿ, ಬೇಕಾದವರು ದುಡ್ಡು ಕೊಟ್ಟು ನೋಡಿ ಅಂತ ಬಿಡುಗಡೆ ಮಾಡಿದರು. ಅಂಗಡಿಯವನು ಇಟ್ಟುಕೊಳ್ಳದಿದ್ದರೆ ಮನೆ ಮುಂದೆಯೇ ಚಾಪೆ ಹಾಸಿ ಮಾರಿದ ಹಾಗೆ.

ಆಮೇಲೆ 2025ರಲ್ಲಿ ಜೀ5 ತನ್ನ ಮೊದಲ ಕನ್ನಡ ಸರಣಿ "ಅಯ್ಯನ ಮನೆ" ತಂದಿತು. ರಮೇಶ್ ಇಂದಿರಾ ನಿರ್ದೇಶನ, ಶ್ರುತಿ ನಾಯ್ಡು ನಿರ್ಮಾಣ. ಸೊಸೆಯರು ಒಬ್ಬೊಬ್ಬರಾಗಿ ಸತ್ತ ಮಲೆನಾಡಿನ ಮನೆಗೆ ಹೊಸ ಸೊಸೆಯಾಗಿ ಬರುವ ಜಾಜಿಯ ಪಾತ್ರದಲ್ಲಿ ಖುಷಿ ರವಿ. ಭಯ ಇದೆ, ಆದರೆ ಮನೆಯ ಗುಟ್ಟು ಯಾರದು ಅಂತ ಪ್ರಶ್ನೆ ಕೇಳುವ ಸೊಸೆ ಇದ್ದಾಳೆ. ಅದೇ ವರ್ಷ ಪವನ್ ಕುಮಾರ್ ನಟಿಸಿದ "ಶೋಧ"ವೂ ಬಂತು. ಇವುಗಳಲ್ಲಿ ಕೊರತೆ ಇಲ್ಲವೆಂದಲ್ಲ. ಮೊದಲ ದೋಸೆ ಕಾವಲಿಗೆ ಅಂಟಿಕೊಳ್ಳುತ್ತದೆ. ಹಾಗಂತ ಹಿಟ್ಟು ಚೆಲ್ಲುತ್ತೇವೆಯೇ?

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಈ ಕಂಪನಿಗಳಿಗೆ ನಮ್ಮ ಅಭಿಮಾನದ ಭಾಷಣ ಕೇಳಿಸುವುದಿಲ್ಲ. ಎಷ್ಟು ಜನ ಶುರು ಮಾಡಿದರು, ಎಷ್ಟು ಜನ ಕೊನೆಯವರೆಗೆ ನೋಡಿದರು ಎಂಬ ಲೆಕ್ಕ ಮಾತ್ರ ಕಾಣಿಸುತ್ತದೆ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಿ, ಮನೆಗೆ ಹೋಗಿ ಕನ್ನಡ ಬಿಟ್ಟು ಬೇರೆ ಎಲ್ಲ ನೋಡಿದರೆ ಆ ಲೆಕ್ಕದಲ್ಲಿ ಕನ್ನಡ ಇಲ್ಲ. ಡಬ್ ಆದ ಸರಣಿ ಹಾಕುವಾಗಲೂ ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆಯೇ ಅಂತ ಒಮ್ಮೆ ನೋಡಿ, ಇದ್ದರೆ ಅದನ್ನೇ ಒತ್ತಿ. ಬೆಂಗಳೂರಿನಲ್ಲಿರುವ ಮಗುವಿಗೆ ಬಸ್ಸಿನಲ್ಲಾದರೂ ಕನ್ನಡ ಕಿವಿಗೆ ಬೀಳುತ್ತದೆ. ಗೋಲ್‌ಪಾರ್ಕಿನಲ್ಲಿ ಬೆಳೆಯುವ ಮಗುವಿಗೆ ನಾವು ಮನೆಯಲ್ಲಿ ಕೇಳಿಸಿದಷ್ಟೇ.

ಕೊನೆಗೆ ಕೆಲವು ಉಪಯೋಗದ ಮಾತು. ಒಂದು, ಎಲ್ಲ ವೇದಿಕೆಗೂ ಒಟ್ಟಿಗೆ ಚಂದಾ ಕಟ್ಟಬೇಡಿ. ಒಂದು ತಿಂಗಳು ಒಂದು, ನೋಡಿ ಮುಗಿಸಿ, ನಿಲ್ಲಿಸಿ, ಮುಂದಿನದು. ತಾನಾಗಿ ನವೀಕರಣವಾಗುವ ಗುಂಡಿಯನ್ನು ಕಟ್ಟಿದ ದಿನವೇ ಆಫ್ ಮಾಡಿ. ಸರಣಿಗಳು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಮನೆ ಬದಲಿಸುತ್ತಿರುತ್ತವೆ, ಹಾಗಾಗಿ ದುಡ್ಡು ಕಟ್ಟುವ ಮುಂಚೆ ಹೆಸರು ಹಾಕಿ ಹುಡುಕಿ. ಎರಡು, ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ನಿಲ್ಲಿಸಿ. ಮುಂದಿನ ಕಂತು ನೋಡಬೇಕೋ ಬೇಡವೋ ಎಂದು ಹೇಳುವವರು ನಾವಾಗಿರಲಿ. ಮೂರು, 2021ರ ನಿಯಮದ ಪ್ರಕಾರ ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಇರಬೇಕು: ಯು, ಯುಎ 7+, 13+, 16+, ಎ. ಮಕ್ಕಳಿರುವ ಮನೆಯಲ್ಲಿ ಪಿನ್ ಹಾಕಿ. ನಾಲ್ಕು, ಹಿರಿಯರಿಗೆ ಅವರದೇ ಹೆಸರಿನ ಪ್ರೊಫೈಲ್ ಮಾಡಿಕೊಡಿ. ನಮ್ಮ ಅತ್ತೆಗೆ ಟಿವಿ ಪರದೆ ಮೇಲೆ ತಮ್ಮ ಹೆಸರು ಕನ್ನಡದಲ್ಲಿ ಕಂಡಾಗ ಆದ ಸಂತೋಷ ನೀವು ನೋಡಬೇಕಿತ್ತು. ಐದು, ಎರಡು ಕಂತು ನೋಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ. ಊಟದ ತಟ್ಟೆ ಅಲ್ಲ ಇದು, ಖಾಲಿ ಮಾಡಲೇಬೇಕು ಅಂತಿಲ್ಲ.

ನನ್ನದೊಂದು ಸೂಚನೆ ಇದೆ, ಕಾರ್ಯದರ್ಶಿಗಳು ಬರೆದುಕೊಳ್ಳಲಿ. ಈ ಊರಿನವರಿಗೆ ಅಡ್ಡಾ ಅಂತ ಒಂದು ಒಳ್ಳೆಯ ಅಭ್ಯಾಸ ಇದೆ. ತಿಂಗಳಿಗೆ ಒಂದು ಶನಿವಾರ ನಾವೂ ಸೇರೋಣ. ಯಾರಾದರೂ ಒಬ್ಬರ ಮನೆ, ಒಂದೇ ಒಂದು ಕಂತು, ಕಾಫಿ, ಆಮೇಲೆ ಒಂದು ಗಂಟೆ ಕನ್ನಡದಲ್ಲಿ ಮಾತು. ಅತ್ತೆ, ಸೊಸೆ, ಮಕ್ಕಳು ಯಾರು ಬೇಕಾದರೂ ಬರಬಹುದು. ಒಬ್ಬರೇ ಇರುವ ಹಿರಿಯರನ್ನು ಕರೆತರುವ ಜವಾಬ್ದಾರಿ ಹತ್ತಿರದ ಮನೆಯವರದು. ಮೊದಲ ಸಲ ನಮ್ಮ ಮನೆಯಲ್ಲೇ ಆಗಲಿ, ಮಾಲ್ಗುಡಿಯ ಆ ನಲವತ್ತೈದು ರೂಪಾಯಿಯ ಕಂತು ಹಾಕೋಣ. ತಿಂಡಿಗೆ ಕುಂಬಳ ಹೂವಿನ ವಡೆ ಮಾಡುತ್ತೇನೆ, ಗರಿಯಾಹಾಟ್‌ನಲ್ಲಿ ಹೂವು ಸಿಕ್ಕರೆ.

ನಿಮ್ಮ ಪಟ್ಟಿಯಲ್ಲಿರುವ ಸರಣಿಗಳ ಹೆಸರನ್ನು ನನಗೆ ವಾಟ್ಸಾಪ್‌ನಲ್ಲಿ ಕಳಿಸಿ, ಯಾಕೆ ಹಿಡಿಸಿತು ಅಂತ ಎರಡು ಸಾಲು ಕನ್ನಡದಲ್ಲೇ ಬರೆಯಿರಿ.